ಕಿಟಕಿ ಬೆಳಕಲ್ಲಿ ಎದುರಿಗಿಟ್ಟು ಚಿತ್ರ ಬರೆಯುವವರು ಅನುಭವ ಹೇಳಿ

ಇಷ್ಟು ದಿನ ಫೋನಿನಲ್ಲಿ ಫೋಟೋ ನೋಡಿ ಬರೆಯುತ್ತಿದ್ದೆ. ಈಗ ಹಣ್ಣು, ತಾಮ್ರದ ಚೊಂಬು ಎದುರಿಗಿಟ್ಟು, ಆಮೇಲೆ ಅಜ್ಜಿಯನ್ನೂ ಕೂರಿಸಿ ಬರೆಯೋ ಆಸೆ. ಬೆಂಗಳೂರಿನ ಮನೆ, ಉತ್ತರಕ್ಕೆ ಕಿಟಕಿ ಇದೆ. ಅರ್ಧ ಮುಗಿಯುವಷ್ಟರಲ್ಲಿ ಬೆಳಕೇ ಬದಲಾಗುತ್ತದೆ. ನೀವೆಲ್ಲ ಏನು ಮಾಡುತ್ತೀರಿ?

—

ಉತ್ತರದ ಕಿಟಕಿ ಇದೆ ಅಂದರೆ ಪುಣ್ಯ ಮಾಡಿದ್ದೀರಿ. ಆದರೆ ಪೂರ್ತಿ ನಂಬಬೇಡಿ. ಉತ್ತರದ ಬೆಳಕು ವರ್ಷವಿಡೀ ಒಂದೇ ಥರ ಅನ್ನೋದು ಯುರೋಪಿನ ಲೆಕ್ಕ, ಅಲ್ಲಿ ಮಧ್ಯಾಹ್ನದ ಸೂರ್ಯ ಯಾವಾಗಲೂ ದಕ್ಷಿಣಕ್ಕೇ ಇರುತ್ತಾನೆ. ಬೆಂಗಳೂರು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಇಲ್ಲಿ ಏಪ್ರಿಲ್ 24ರ ಸುಮಾರಿಗೆ ನೆತ್ತಿ ದಾಟಿ ಉತ್ತರಕ್ಕೆ ಹೋದ ಸೂರ್ಯ ವಾಪಸ್ ಬರೋದು ಆಗಸ್ಟ್ 18ರ ಹೊತ್ತಿಗೆ. ಮೊದಲ ವರ್ಷ ಮೇ ತಿಂಗಳಲ್ಲಿ ಬೆಳಗ್ಗೆ ನನ್ನ ಕುಂಬಳಕಾಯಿ ಮೇಲೆ ಅಡ್ಡಡ್ಡ ಬಿಸಿಲು ಬಿದ್ದಾಗ ಮನೆಯ ದಿಕ್ಕೇ ತಪ್ಪು ತಿಳಿದಿದ್ದೀನಾ ಅಂತ ಅನುಮಾನ ಬಂದಿತ್ತು! ಈಗ ಆ ತಿಂಗಳುಗಳಲ್ಲಿ ಕಿಟಕಿಗೆ ಹಳೇ ಬಿಳಿ ಪಂಚೆ ಕಟ್ಟುತ್ತೇನೆ.

ಮೊದಲ ಹತ್ತು ನಿಮಿಷದಲ್ಲೇ ನೆರಳಿನ ಅಂಚನ್ನು ತೆಳು ಬಣ್ಣದಲ್ಲಿ ಗುರುತು ಹಾಕಿಬಿಡಿ. ಆಮೇಲೆ ಅದು ಎಲ್ಲಿಗೆ ಸರಿದರೂ ಚಿತ್ರದಲ್ಲಿ ಸರಿಸಬೇಡಿ. ಬೆನ್ನಟ್ಟಿ ಬೆನ್ನಟ್ಟಿ ನಾನು ಒಂದೇ ಚೊಂಬಿಗೆ ಎರಡು ಕಡೆ ನೆರಳು ಬರೆದದ್ದುಂಟು. ಎರಡು ಗಂಟೆ ಸಾಕು, ಉಳಿದದ್ದು ನಾಳೆ ಅದೇ ಹೊತ್ತಿಗೆ. ಕೈ ಕಟ್ಟಿ ಕೂರೋಕಾಗಲ್ಲ ಅಂದರೆ ಸಂಜೆಗೆ ಬೇರೆ ಕ್ಯಾನ್ವಾಸ್ ಇಟ್ಟುಕೊಳ್ಳಿ. ಫ್ರೆಂಚ್ ಚಿತ್ರಕಾರ ಮೋನೆ ಹುಲ್ಲಿನ ಬಣವೆಗಳನ್ನು ಬರೆದದ್ದೂ ಹಾಗೇ, ಬೆಳಕು ಬದಲಾದಂತೆ ಕ್ಯಾನ್ವಾಸ್ ಬದಲಾಯಿಸಿ.

—

ಬಾಳೆಹಣ್ಣು ಮಾತ್ರ ಬೇಡ, ಮೂರನೇ ದಿನಕ್ಕೆ ಕಪ್ಪು. ಈರುಳ್ಳಿ, ಬೆಳ್ಳುಳ್ಳಿ ತಡೆಯುತ್ತವೆ. ಚೊಂಬಿನ ತಳದ ಸುತ್ತ ಸೀಮೆಸುಣ್ಣದಲ್ಲಿ ಗೀಟು ಹಾಕಿ, ಮನೆಯವರಿಗೂ ಹೇಳಿಡಿ. ಎರಡು ದಿನ ಕೂತು ಚೊಂಬಿನ ಮಂಕು ಕಂದುಬಣ್ಣ ಹಿಡಿದಿದ್ದೆ, ಮೂರನೇ ದಿನ ನೋಡಿದರೆ ಅಮ್ಮ ಹುಣಸೆಹಣ್ಣು ಹಾಕಿ ತಿಕ್ಕಿ ಥಳಥಳ ಮಾಡಿಟ್ಟಿದ್ದರು.

—

ಅಜ್ಜಿಯನ್ನು 20 ನಿಮಿಷಕ್ಕಿಂತ ಜಾಸ್ತಿ ಕೂರಿಸಬೇಡಿ. ಏಳುವ ಮೊದಲು ಕುರ್ಚಿ ಕಾಲಿನ ಜಾಗಕ್ಕೆ ನೆಲದ ಮೇಲೆ ಟೇಪ್ ಅಂಟಿಸಿ. ಟ್ಯೂಬ್‌ಲೈಟ್ ಆರಿಸಿ, ಇಲ್ಲದಿದ್ದರೆ ಮುಖದ ಒಂದೊಂದು ಕಡೆ ಒಂದೊಂದು ಬಣ್ಣ. ನಿಮ್ಮದು ರೆಡ್ ಆಕ್ಸೈಡ್ ನೆಲವಾ? ಹಾಗಿದ್ದರೆ ಗಲ್ಲದ ಕೆಳಗೆ ನೋಡಿ, ನೆಲದ ಕೆಂಪು ಮೇಲೆ ಹೊಡೆದಿರುತ್ತದೆ. ನನ್ನ ಫೋನಿನ ಫೋಟೋದಲ್ಲಿ ಆ ಜಾಗ ಸುಮ್ನೆ ಕಪ್ಪಾಗಿತ್ತು.

—

ಕೇಳಿದವಳು ನಾನೇ. ಹೌದು, ರೆಡ್ ಆಕ್ಸೈಡ್! ಅಜ್ಜಿ ಒಪ್ಪಿದ್ದಾರೆ, ಆದರೆ ಕನ್ನಡಕ ತೆಗೆಯಲ್ಲವಂತೆ.

—

ಇರಲಿ ಬಿಡಿ. ಗಾಜಿನಲ್ಲಿ ಕಿಟಕಿ ಬಿಳಿಯಾಗಿ ಹೊಳೆದರೆ ತಲೆ ಒಂಚೂರು ತಗ್ಗಿಸೋಕೆ ಹೇಳಿ, ಕಣ್ಣು ಕಾಣುತ್ತದೆ.