ಬಿಸಿಎ ವೆಬ್ ಡಿಸೈನ್ ಪ್ರಾಜೆಕ್ಟ್: ಲ್ಯಾಪ್‌ಟಾಪಲ್ಲಿ ಸರಿ ಇದ್ದದ್ದು ಫೋನಲ್ಲಿ ಯಾಕೆ ಕೆಡ್ತದೆ?

ಶಾಲ್ಮಲಾ05, ಶಿರಸಿ

ಎಲ್ಲರಿಗೂ ನಮಸ್ಕಾರ. ಬಿಸಿಎ ವೆಬ್ ಡಿಸೈನ್ ಪೇಪರಿಗೆ ಐದು ಪುಟದ ಸೈಟ್ ಮಾಡಿ ತೋರಿಸಬೇಕು. ಎಚ್‌ಟಿಎಂಎಲ್ ಮತ್ತು ಸಿಎಸ್‌ಎಸ್ ಅಷ್ಟೇ, ಜಾವಾಸ್ಕ್ರಿಪ್ಟ್ ಫಾರ್ಮ್ ತಪಾಸಣೆಗೆ ಮಾತ್ರ. ವಿಷಯ "ಶಿರಸಿ ತಾಲೂಕಿನ ಪ್ರವಾಸಿ ತಾಣಗಳು". ಮುಖಪುಟ, ಸಹಸ್ರಲಿಂಗ, ಸೋಂದಾ, ಯಾಣ, ಸಂಪರ್ಕ ಅಂತ ಪುಟಗಳು. ವಿಎಸ್ ಕೋಡಲ್ಲಿ ಬರೆದು ಗಿಟ್‌ಹಬ್ ಪೇಜಸ್‌ಗೆ (ಸೈಟನ್ನು ಆನ್‌ಲೈನಲ್ಲಿ ತೋರಿಸೋ ಜಾಗ) ಏರಿಸಿದ್ದೇನೆ.

ಲ್ಯಾಪ್‌ಟಾಪಲ್ಲಿ ಚೆಂದ ಕಾಣ್ತದೆ. ಫೋನಲ್ಲಿ ತೆಗೆದರೆ ಅಕ್ಷರ ಇರುವೆ ಸಾಲಿನ ಹಾಗೆ, ಬೆರಳಲ್ಲಿ ಹಿಗ್ಗಿಸಿ ಓದಬೇಕು. ಒಟ್ಟು 11 ಫೋಟೋದಲ್ಲಿ 4 ಆನ್‌ಲೈನಲ್ಲಿ ಕಾಣ್ತಾ ಇಲ್ಲ, ನನ್ನ ಮಷೀನಲ್ಲಿ ಎಲ್ಲವೂ ಕಾಣ್ತವೆ. ಮುಖಪುಟದಲ್ಲಿ ಮೂರು ಬಾಕ್ಸ್‌ಗೆ 33.33% ಅಗಲ ಕೊಟ್ಟು ಇನ್‌ಲೈನ್-ಬ್ಲಾಕ್ ಮಾಡಿದ್ದೇನೆ, ಮೂರನೇದು ಯಾವಾಗಲೂ ಕೆಳಗೆ ಬೀಳ್ತದೆ. ಶೀರ್ಷಿಕೆಯಲ್ಲಿ "ಸಹಸ್ರಲಿಂಗ"ದ ಕೆಳಗಿನ ಒತ್ತು ಕತ್ತರಿಸಿ ಹೋಗಿದೆ. ಸೋಂದಾ ಪುಟದ ಇತಿಹಾಸವನ್ನು ಜೊತೆಯವರೊಬ್ಬರು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಕೊಟ್ಟಿದ್ದು, ಅದು ಇಂಗ್ಲಿಷ್ ಅಕ್ಷರಗಳ ಕಿಚಡಿಯಾಗಿದೆ.

ಇಷ್ಟನ್ನೆಲ್ಲ ತಿದ್ದೋದಕ್ಕಿಂತ ಬೂಟ್‌ಸ್ಟ್ರಾಪ್ (ಮೊದಲೇ ಬರೆದಿಟ್ಟ ಸಿಎಸ್‌ಎಸ್ ಕಟ್ಟು) ಹಾಕಿಬಿಡು ಅಂತಾರೆ ಗೆಳೆಯರು. ಹಾಕಲಾ?

ಕಾಳಿ ದಂಡೆ, ಕಾರವಾರ

ಬೂಟ್‌ಸ್ಟ್ರಾಪ್ ಹಾಕಿದರೆ ನೀವು ಹೇಳಿದ ಐದರಲ್ಲಿ ಒಂದು ಹೋಗ್ತದೆ, ನಾಲ್ಕು ಹಾಗೇ ಕೂತಿರ್ತವೆ. ಒಂದೊಂದಕ್ಕೂ ಕಾರಣ ಬೇರೆ ಬೇರೆ, ಅದಕ್ಕೇ ಬಿಡಿಬಿಡಿಯಾಗಿ ಹೇಳ್ತೇನೆ. ಕೋಡನ್ನು ಇಲ್ಲಿ ಕನ್ನಡದಲ್ಲೇ ಬರೀತಿದ್ದೇನೆ, ಎಡಿಟರ್‌ನಲ್ಲಿ ಇಂಗ್ಲಿಷಲ್ಲಿ ಹಾಕ್ಕೊಳ್ಳಿ.

ಇರುವೆ ಅಕ್ಷರ: ಹೆಡ್ ಒಳಗೆ ವ್ಯೂಪೋರ್ಟ್ ಮೆಟಾ ಟ್ಯಾಗ್ ಇಲ್ಲ. ಅದಿಲ್ಲದ ಪುಟವನ್ನು ಫೋನಿನ ಬ್ರೌಸರ್ ಹಳೇ ಡೆಸ್ಕ್‌ಟಾಪ್ ಪುಟ ಅಂದುಕೊಂಡು 980 ಪಿಕ್ಸೆಲ್ ಅಗಲದ ಹಾಳೆ ಮೇಲೆ ಹಾಸಿ, ಆಮೇಲೆ ಪೂರ್ತಿ ಹಾಳೆಯನ್ನೇ 360ಕ್ಕೆ ಕುಗ್ಗಿಸ್ತದೆ. 16 ಪಿಕ್ಸೆಲ್ ಅಕ್ಷರ ಕಣ್ಣಿಗೆ ಹೆಚ್ಚುಕಮ್ಮಿ 6 ಪಿಕ್ಸೆಲ್ ಆಗ್ತದೆ. ನೇಮ್ ಜಾಗದಲ್ಲಿ ವ್ಯೂಪೋರ್ಟ್, ಕಂಟೆಂಟ್ ಜಾಗದಲ್ಲಿ ವಿಡ್ತ್ ಈಕ್ವಲ್ ಡಿವೈಸ್-ವಿಡ್ತ್, ಕಾಮಾ, ಇನಿಷಿಯಲ್-ಸ್ಕೇಲ್ ಈಕ್ವಲ್ 1. ಐದೂ ಪುಟದಲ್ಲಿ ಹಾಕಬೇಕು. ಮುಖಪುಟಕ್ಕೆ ಮಾತ್ರ ಹಾಕಿ ಉಳಿದ ನಾಲ್ಕು ಮರೆಯೋದೇ ಹೆಚ್ಚು.

ಫೋಟೋ: ಆ ನಾಲ್ಕರ ಫೈಲ್ ಹೆಸರನ್ನು ಅಕ್ಷರ ಅಕ್ಷರ ನೋಡಿ. ಕ್ಯಾಮೆರಾದಿಂದ ಬಂದ ಫೈಲಿನ ಕೊನೆಗೆ ಜೆಪಿಜಿ ದೊಡ್ಡಕ್ಷರದಲ್ಲಿ ಇರ್ತದೆ, ನೀವು ಕೋಡಲ್ಲಿ ಸಣ್ಣಕ್ಷರದಲ್ಲಿ ಬರೆದಿರ್ತೀರಿ. ವಿಂಡೋಸಿಗೆ ಎರಡೂ ಒಂದೇ. ಗಿಟ್‌ಹಬ್ ಸರ್ವರಿಗೆ ಅವು ಎರಡು ಬೇರೆ ಫೈಲು. ಹಾಗಲ್ಲ ಅಂದರೆ ಪಾತ್ (ಕೋಡಲ್ಲಿ ಬರೆದ ಫೈಲಿನ ದಾರಿ) ನೋಡಿ. ಸಿ ಡ್ರೈವಿಂದ ಶುರುವಾಗಿದ್ದರೆ ಅದು ನಿಮ್ಮ ಲ್ಯಾಪ್‌ಟಾಪ್ ಬಿಟ್ಟು ಬೇರೆಲ್ಲೂ ಸಿಗೋದಿಲ್ಲ. ಓರೆಗೀಟಿಂದ (/) ಶುರುವಾಗಿದ್ದರೂ ಕೆಡ್ತದೆ, ಯಾಕೆಂದರೆ ಪ್ರಾಜೆಕ್ಟ್ ಸೈಟಿನ ವಿಳಾಸದಲ್ಲಿ ಗಿಟ್‌ಹಬ್ ಹೆಸರಿನ ಮುಂದೆ ರೆಪಾಸಿಟರಿ (ಫೈಲುಗಳನ್ನಿಟ್ಟ ಪ್ರಾಜೆಕ್ಟ್ ಫೋಲ್ಡರ್) ಹೆಸರೂ ಇರ್ತದೆ, ಆ ಮೊದಲ ಓರೆಗೀಟು ಅದನ್ನು ಹಾರಿಸಿ ಬೇರಿಗೇ (ರೂಟ್, ಅಂದರೆ ವಿಳಾಸದ ಶುರುವಿಗೆ) ಹೋಗಿ ಹುಡುಕ್ತದೆ. ಊಹೆ ಮಾಡೋದೇ ಬೇಡ: ಎಫ್12 ಒತ್ತಿ, ನೆಟ್‌ವರ್ಕ್ ಟ್ಯಾಬ್ ತೆರೆದು, ಪುಟ ರಿಲೋಡ್ ಮಾಡಿ. ಸಿಗದ ಫೋಟೋಗಳ ಸಾಲು ಕೆಂಪಲ್ಲಿ ಬರ್ತವೆ, ಹೆಸರು ತಪ್ಪಿದ್ದರೆ 404 ಅಂತ. ಆ ಸಾಲಿನ ಮೇಲೆ ಒತ್ತಿದರೆ ಬ್ರೌಸರ್ ಯಾವ ವಿಳಾಸ ಕೇಳಿತ್ತು ಅಂತ ಪೂರ್ತಿ ಕಾಣ್ತದೆ. ತಪ್ಪು ಅಲ್ಲೇ ಸಿಗ್ತದೆ.

ಹೆಸರು ಬದಲಿಸುವಾಗ ಇನ್ನೊಂದು ಹೊಂಡ ಇದೆ. ವಿಂಡೋಸಲ್ಲಿ ದೊಡ್ಡಕ್ಷರ ಸಣ್ಣಕ್ಷರವಾದದ್ದನ್ನು ಗಿಟ್ ಬದಲಾವಣೆ ಅಂತ ಲೆಕ್ಕಕ್ಕೇ ತಗೊಳ್ಳೋದಿಲ್ಲ, ಕಮಿಟ್ ಮಾಡಿದರೂ ಆನ್‌ಲೈನಲ್ಲಿ ಹಳೇ ಹೆಸರೇ. ಗಿಟ್ ಎಂವಿ ಕಮಾಂಡಲ್ಲಿ ಬದಲಿಸಿ, ಇಲ್ಲಾ ಒಮ್ಮೆ ಪೂರಾ ಬೇರೆ ಹೆಸರು ಕೊಟ್ಟು ಕಮಿಟ್ ಮಾಡಿ, ಆಮೇಲೆ ಬೇಕಾದ ಹೆಸರಿಗೆ ತನ್ನಿ. ಮುಂದಕ್ಕೆ ಎಲ್ಲ ಹೆಸರೂ ಸಣ್ಣಕ್ಷರ, ನಡುವೆ ಜಾಗ ಇಲ್ಲ, ಬೇಕಾದರೆ ಅಡ್ಡಗೆರೆ.

ಇನ್ನು ಮೂರನೇ ಬಾಕ್ಸು. ಇದನ್ನು ಸರಿಯಾಗಿ ತಿಳ್ಕೊಂಡರೆ ಸಿಎಸ್‌ಎಸ್ ಅರ್ಧ ಬಂದ ಹಾಗೆ. ನೀವು ಕೊಟ್ಟ ಅಗಲ ಒಳಗಿನ ವಿಷಯದ್ದು ಮಾತ್ರ, ಪ್ಯಾಡಿಂಗು (ವಿಷಯದ ಸುತ್ತಲ ಖಾಲಿ ಜಾಗ), ಬಾರ್ಡರು ಅದರ ಹೊರಗೆ ಕೂಡ್ತವೆ. 1200 ಪಿಕ್ಸೆಲ್‌ನ ಕಂಟೇನರಲ್ಲಿ 33.33% ಅಂದರೆ 400. ಪ್ಯಾಡಿಂಗ್ ಎಡಕ್ಕೆ 20, ಬಲಕ್ಕೆ 20, ಬಾರ್ಡರ್ 1 ಮತ್ತು 1, ಆಯ್ತು 442. ಮೂರಕ್ಕೆ 1326. ಹಿಡಿಸೋದು ಹೇಗೆ? ಸ್ಟೈಲ್‌ಶೀಟಿನ ಮೊದಲ ಸಾಲಲ್ಲೇ ನಕ್ಷತ್ರ ಸೆಲೆಕ್ಟರಿಗೆ (*, ಅಂದರೆ ಎಲ್ಲ ಟ್ಯಾಗಿಗೂ) ಬಾಕ್ಸ್-ಸೈಸಿಂಗ್ ಬಾರ್ಡರ್-ಬಾಕ್ಸ್ ಕೊಡಿ, ಆಗ 400 ಅಂದರೆ ಎಲ್ಲ ಸೇರಿ 400.

ಅಷ್ಟು ಮಾಡಿದರೂ ಮೂರನೇದು ಬಿದ್ದೇ ಬೀಳ್ತದೆ! ಕಾರಣ ಇನ್‌ಲೈನ್-ಬ್ಲಾಕ್. ಒಂದು ಡಿವ್ ಮುಗಿದು ಇನ್ನೊಂದು ಹೊಸ ಸಾಲಲ್ಲಿ ಶುರುವಾದರೆ, ಆ ಎಂಟರ್ ಒತ್ತಿದ ಜಾಗ ಬ್ರೌಸರಿಗೆ ಎರಡು ಶಬ್ದದ ನಡುವಿನ ಸ್ಪೇಸ್ ಇದ್ದ ಹಾಗೆ, ಸುಮಾರು 4 ಪಿಕ್ಸೆಲ್. ಅದಕ್ಕೇ ಇನ್‌ಲೈನ್-ಬ್ಲಾಕ್ ಬಿಟ್ಟು ಹೊರಗಿನ ಡಿವ್‌ಗೆ ಡಿಸ್‌ಪ್ಲೇ ಗ್ರಿಡ್ ಮಾಡಿ, ಕಾಲಮ್ಮಿಗೆ ರಿಪೀಟ್, ಆಟೋ-ಫಿಟ್, ಮಿನ್‌ಮ್ಯಾಕ್ಸ್ 260 ಪಿಕ್ಸೆಲ್ ಮತ್ತು 1ಎಫ್‌ಆರ್, ಗ್ಯಾಪ್ 16 ಕೊಡಿ. ಕಂಟೇನರ್ 812 ಪಿಕ್ಸೆಲ್‌ಗೆ ಮೇಲಿದ್ದರೆ ಮೂರೂ ಒಂದೇ ಸಾಲಲ್ಲಿ ನಿಲ್ತವೆ (260 ಮೂರು ಸಲ, ಗ್ಯಾಪ್ ಎರಡು ಸಲ), 536ರ ಮೇಲೆ ಎರಡು, ಅದಕ್ಕೂ ಕಡಿಮೆ ಇದ್ದರೆ ಒಂದರ ಕೆಳಗೊಂದು. ಮೀಡಿಯಾ ಕ್ವೆರಿ (ಪರದೆ ಅಗಲಕ್ಕೆ ತಕ್ಕ ಬೇರೆ ನಿಯಮ) ಬರೆಯೋದೇ ಬೇಡ.

ಕನ್ನಡ ಅಕ್ಷರದ ಎರಡು ಸಮಸ್ಯೆ ಒತ್ತಕ್ಷರ ಅವರಿಗೆ ಬಿಟ್ಟಿದ್ದೇನೆ. ಅಂದಹಾಗೆ ಯಾಣ ಕುಮಟಾ ತಾಲೂಕು. "ಶಿರಸಿ ತಾಲೂಕಿನ" ಅಂತ ಹಾಕಿದರೆ ಪರೀಕ್ಷಕರು ಕೋಡ್ ನೋಡುವ ಮುಂಚೆ ಅದನ್ನೇ ಹಿಡೀತಾರೆ. "ಶಿರಸಿ ಸುತ್ತಮುತ್ತ" ಮಾಡಿ.

ಒತ್ತಕ್ಷರ, ಹೊನ್ನಾವರ

ಒತ್ತು ಕತ್ತರಿಸೋದರಲ್ಲಿ ಇಬ್ಬರ ಕೈವಾಡ ಇದೆ. ಅಕ್ಷರವನ್ನು ಡಬ್ಬಿಯಿಂದ ಹೊರಗೆ ಇಳಿಸಿದ್ದು ಲೈನ್-ಹೈಟ್ (ಸಾಲಿನ ಎತ್ತರ), ಇಳಿದದ್ದನ್ನು ಕತ್ತರಿಸಿದ್ದು ಓವರ್‌ಫ್ಲೋ ಹಿಡನ್ ಅಥವಾ ಅದರ ಜೊತೆ ಕೊಟ್ಟ ಗಟ್ಟಿ ಹೈಟ್. ಇಂಗ್ಲಿಷ್ ಟೆಂಪ್ಲೇಟುಗಳಲ್ಲಿ ಶೀರ್ಷಿಕೆಗೆ 1.1, 1.2 ಲೈನ್-ಹೈಟ್ ಇರ್ತದೆ. ಇಂಗ್ಲಿಷಿಗೆ ಸಾಕು. ಕನ್ನಡದಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು, ಕೆಲವು ಸಲ ಒತ್ತಿನ ಕೆಳಗೆ ಇನ್ನೊಂದು ಒತ್ತು. ಶೀರ್ಷಿಕೆಗೆ ಕನಿಷ್ಠ 1.4, ಓದುವ ಪಠ್ಯಕ್ಕೆ 1.6ರಿಂದ 1.8 ಇಡಿ. ಹೈಟ್ ತೆಗೆದು ಪ್ಯಾಡಿಂಗ್ ಕೊಡಿ.

ಆ ಸಂಖ್ಯೆಗೆ ಘಟಕ ಹಾಕಬೇಡಿ. ಬಾಡಿ ಟ್ಯಾಗಿಗೆ 160% ಅಂತ ಬರೆದರೆ ಬ್ರೌಸರ್ ಅಲ್ಲೇ ಲೆಕ್ಕ ಮಾಡಿ 25.6 ಪಿಕ್ಸೆಲ್ ಅಂತ ಗಟ್ಟಿ ಮಾಡಿ ಮಕ್ಕಳಿಗೆಲ್ಲ ಅದನ್ನೇ ಹಂಚ್ತದೆ. 36 ಪಿಕ್ಸೆಲ್ ಶೀರ್ಷಿಕೆಗೂ 25.6ರ ಸಾಲು ಸಿಗ್ತದೆ, ಎರಡು ಸಾಲಿನ ಶೀರ್ಷಿಕೆ ಆದರೆ ಒಂದರ ಒತ್ತು ಇನ್ನೊಂದರ ತಲೆಕಟ್ಟಿನ ಮೇಲೆ ಹತ್ತಿ ಕೂರ್ತದೆ. ಬರೀ 1.6 ಅಂದರೆ ಆಯಾ ಅಕ್ಷರದ ಗಾತ್ರಕ್ಕೆ ಗುಣಿಸಿಕೊಳ್ತದೆ. ಲೆಟರ್-ಸ್ಪೇಸಿಂಗ್ ಇದ್ದರೆ ಅದನ್ನೂ ತೆಗೀರಿ, ಕನ್ನಡ ಪದ ಹಲ್ಲು ಉದುರಿದ ಹಾಗೆ ಕಾಣ್ತದೆ.

ನುಡಿ ಕಿಚಡಿಗೆ ಬರೋಣ. ಕಿಚಡಿಯಲ್ಲಿ ಎರಡು ಜಾತಿ, ಮದ್ದು ಬೇರೆ ಬೇರೆ. ತಲೆ ಮೇಲೆ ಗೀಟಿರೋ ಸಣ್ಣ ಎ, ಅದರ ಪಕ್ಕ ಪುಟಾಣಿ 2 ಅಥವಾ ಪುಟಾಣಿ 3, ಮತ್ತೊಂದು ಚಿಹ್ನೆ, ಹೀಗೆ ಮೂರು ಮೂರಾಗಿ ಅದೇ ಮರುಕಳಿಸ್ತಿದ್ದರೆ ಪಠ್ಯ ಯುನಿಕೋಡೇ, ಬ್ರೌಸರ್ ಓದಿದ ರೀತಿ ತಪ್ಪು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್, ಮೊದಲ ಬೈಟ್ ಎಲ್ಲಕ್ಕೂ ಒಂದೇ, ಅದೇ ಆ ಗೀಟಿನ ಎ ಆಗಿ ಕಾಣೋದು. ಮೆಟಾ ಚಾರ್‌ಸೆಟ್ ಯುಟಿಎಫ್-8 ಸಾಲನ್ನು ಹೆಡ್‌ನಲ್ಲಿ ಎಲ್ಲಕ್ಕಿಂತ ಮೇಲೆ ಹಾಕಿದರೆ ಹೋಗ್ತದೆ. ಫೈಲಿನ ಮೊದಲ 1024 ಬೈಟ್ ಒಳಗೆ ಅದು ಇರಬೇಕು, ಟೈಟಲ್‌ಗಿಂತ ಮೊದಲೇ ಇಟ್ಟರೆ ತಲೆಬಿಸಿ ಇಲ್ಲ.

ನಿಮ್ಮದು ಎರಡನೇ ಜಾತಿ: ದೊಡ್ಡ ಪಿ, ದೊಡ್ಡ ಎ ಮೇಲೆ ಗೀಟು, ನಡುವೆ ಪೌಂಡ್ ಚಿಹ್ನೆ, ಮರುಕಳಿಕೆ ಇಲ್ಲ. ಅದು ನುಡಿಯ ಹಳೇ ಆಸ್ಕಿ ಅಕ್ಷರ. ಒಳಗಿರೋದು ನಿಜಕ್ಕೂ ಇಂಗ್ಲಿಷ್ ಸಂಕೇತಗಳೇ, ಫಾಂಟ್ ಮಾತ್ರ ಕನ್ನಡದ ವೇಷ ಹಾಕಿತ್ತು. ಚಾರ್‌ಸೆಟ್ ಏನು ಹಾಕಿದರೂ ಇದು ಸರಿಯಾಗೋದಿಲ್ಲ. ಆಸ್ಕಿಯಿಂದ ಯುನಿಕೋಡಿಗೆ ಪರಿವರ್ತಕದಲ್ಲಿ ಹಾಕಿ ತೆಗೀಬೇಕು. ನಡುವೆ ನಿಜವಾದ ಇಂಗ್ಲಿಷ್ ಪದ ಇದ್ದರೆ ಪರಿವರ್ತಕ ಅದನ್ನೂ ಅರ್ಥವಿಲ್ಲದ ಕನ್ನಡ ಮಾಡ್ತದೆ, ಮೊದಲೇ ಬೇರೆ ಎತ್ತಿಡಿ. ಅರ್ಕಾವತ್ತು ಬಂದ ಪದಗಳನ್ನು ಒಂದೊಂದಾಗಿ ಓದಿ ನೋಡಿ.

ಫಾಂಟ್ ನೋಟೊ ಸಾನ್ಸ್ ಕನ್ನಡ ಸಾಕು, 400 ಮತ್ತು 700 ಎರಡೇ ತೂಕ ತರಿಸಿ. 700 ತರಿಸದೆ ಬೋಲ್ಡ್ ಕೊಟ್ಟರೆ ಬ್ರೌಸರ್ ತಾನೇ ಅಕ್ಷರ ದಪ್ಪ ಮಾಡ್ತದೆ, ಆಗ ಒತ್ತಿನ ಒಳಗಿನ ಬಿಳಿ ಜಾಗ ಮುಚ್ಚಿ ಮಸಿ ಚೆಲ್ಲಿದ ಹಾಗಾಗ್ತದೆ. ಅದು ಸಿಗದಿದ್ದರೆ ಅಂತ ಹಿಂದೆ ವಿಂಡೋಸಿನ ನಿರ್ಮಲಾ ಯುಐ, ಕೊನೆಗೆ ಸಾನ್ಸ್-ಸೆರಿಫ್. ಎಚ್‌ಟಿಎಂಎಲ್ ಟ್ಯಾಗಲ್ಲಿ ಲ್ಯಾಂಗ್ ಈಕ್ವಲ್ ಕೆಎನ್ ಮರೀಬೇಡಿ. ಕುರುಡರು ಬಳಸೋ ಓದುಯಂತ್ರ ಕನ್ನಡದ ದನಿ ಆರಿಸಿಕೊಳ್ಳೋದು ಅದನ್ನು ನೋಡಿಯೇ.

ಕುಮಟಾ ಅಕ್ಕೋರು

ಬೂಟ್‌ಸ್ಟ್ರಾಪಿನ ಮೇಲೆ ಕಾಳಿ ದಂಡೆಯವರಿಗೆ ಸ್ವಲ್ಪ ಸಿಟ್ಟು ಜಾಸ್ತಿ. ಕೆಟ್ಟದ್ದೇನಲ್ಲ. ಆದರೆ ವೈವಾದಲ್ಲಿ "ಈ ಕಾಲ್-ಎಂಡಿ-4 ಅಂದರೆ ಎಂತ?" ಅಂತ ಕೇಳಿದರೆ, ಸಾಲಿಗೆ 12 ಭಾಗ, ಅದರಲ್ಲಿ 4 ನನಗೆ, ಪರದೆ 768 ಪಿಕ್ಸೆಲ್ ಅಥವಾ ಅದಕ್ಕಿಂತ ಅಗಲ ಇದ್ದಾಗ ಮಾತ್ರ ಅಂತ ಹೇಳೋಕೆ ಬರಬೇಕು. ಬರದಿದ್ದರೆ ಕೈಯಲ್ಲಿ ಬರೆದ ಗ್ರಿಡ್ಡೇ ಚಲೋ.

ಟೇಬಲ್ ಬಗ್ಗೆ ಒಂದು ಮಾತು. ಪುಟದ ವಿನ್ಯಾಸಕ್ಕೆ ಟೇಬಲ್ ಬೇಡ ಅಂತ ಓದಿಕೊಂಡು ಮಕ್ಕಳು ಟೇಬಲ್ಲನ್ನೇ ಬಿಟ್ಟುಬಿಡ್ತಾರೆ. ಅಡಿಕೆ ಧಾರಣೆ ಇದೆ ಅಂತಿಟ್ಟುಕೋ: ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಒಂದೊಂದು ಸಾಲು, ಕನಿಷ್ಠ ಗರಿಷ್ಠ ಒಂದೊಂದು ಕಂಬ. ಇದು ಟೇಬಲ್ಲೇ ಆಗಬೇಕು, ಡಿವ್ ಜೋಡಿಸಿ ಮಾಡಿದರೆ ತಪ್ಪು. ಕ್ಯಾಪ್ಷನ್ ಹಾಕು, ತಲೆಸಾಲಿಗೆ ಟಿಎಚ್, ಸ್ಕೋಪ್ ಕಾಲ್. ಸಂಖ್ಯೆ ಬಲಕ್ಕೆ ಸಾಲಲಿ. ಫೋನಲ್ಲಿ ಅಗಲ ಸಾಲದಿದ್ದರೆ ಸುತ್ತ ಒಂದು ಡಿವ್, ಅದಕ್ಕೆ ಓವರ್‌ಫ್ಲೋ-ಎಕ್ಸ್ ಆಟೋ. ಟೇಬಲ್ ಮಾತ್ರ ಅಡ್ಡ ಸರೀತದೆ, ಪುಟ ಅಲ್ಲಾಡೋದಿಲ್ಲ.

ಸಂಪರ್ಕ ಫಾರ್ಮಲ್ಲಿ ಫೋನ್ ನಂಬರಿಗೆ ಟೈಪ್ ನಂಬರ್ ಕೊಡಬೇಡ, ಮೌಸಿನ ಚಕ್ರ ತಿರುಗಿದರೂ ಅಂಕಿ ಬದಲಾಗಬಹುದು. ಟೈಪ್ ಟೆಲ್, ಪ್ಯಾಟರ್ನ್‌ನಲ್ಲಿ ಮೊದಲ ಅಂಕಿ 6ರಿಂದ 9, ಆಮೇಲೆ ಯಾವುದೇ ಒಂಬತ್ತು ಅಂಕಿ, ಜೊತೆಗೆ ರಿಕ್ವೈರ್ಡ್. ಪ್ಯಾಟರ್ನ್ ಖಾಲಿ ಜಾಗವನ್ನು ತಡೆಯೋದಿಲ್ಲ, ತುಂಬಿದ್ದನ್ನು ಮಾತ್ರ ನೋಡ್ತದೆ. ಪ್ಲೇಸ್‌ಹೋಲ್ಡರ್ ಇದ್ದರೂ ಲೇಬಲ್ ಬೇಕೇ ಬೇಕು, ಲೇಬಲಿನ ಫಾರ್ ಮತ್ತು ಇನ್‌ಪುಟ್ಟಿನ ಐಡಿ ಒಂದೇ ಆಗಿರಲಿ. ಗಿಟ್‌ಹಬ್ ಪೇಜಸ್ ಬರೀ ಫೈಲ್ ಕೊಡೋ ಜಾಗ, ಫಾರ್ಮ್ ತುಂಬಿದ್ದನ್ನು ಇಟ್ಟುಕೊಳ್ಳೋಕೆ ಹಿಂದೆ ಯಾರೂ ಇಲ್ಲ. "ಕಳಿಸಿದ ಮಾಹಿತಿ ಎಲ್ಲಿಗೆ ಹೋಗ್ತದೆ" ಅಂತ ಕೇಳೇ ಕೇಳ್ತಾರೆ, ಇದನ್ನೇ ಹೇಳು.

ಶಾಲ್ಮಲಾ05, ಶಿರಸಿ

ಅಕ್ಕೋರೇ, ಎಲ್ಲರಿಗೂ ರಾಶಿ ಉಪಕಾರ. ಅಕ್ಷರ, ಬಾಕ್ಸ್, ಒತ್ತು ಸರಿಯಾಯ್ತು. ಫೋಟೋ ನಾಲ್ಕರಲ್ಲಿ ಮೂರು ದೊಡ್ಡಕ್ಷರದ ಜೆಪಿಜಿ, ಒಂದು ಸಿ ಡ್ರೈವ್. ಈಗ ಎರಡು ಉಳಿದಿವೆ. ಯಾಣದ ಪುಟ ಮೊಬೈಲ್ ಡೇಟಾದಲ್ಲಿ ತೆರೆಯೋಕೆ ಒಂದು ನಿಮಿಷ ತಗೊಳ್ತದೆ. ಸಂಪರ್ಕ ಪುಟ ಫೋನಲ್ಲಿ ಎಡಕ್ಕೆ ಬಲಕ್ಕೆ ದೋಣಿ ಹಾಗೆ ತೂಗ್ತದೆ.

ಕಾಳಿ ದಂಡೆ, ಕಾರವಾರ

ಫೋನಲ್ಲಿ ತೆಗೆದ ಫೋಟೋ ಹಾಗೇ ಏರಿಸಿದ್ದೀರಿ. ಒಂದು 4000 ಪಿಕ್ಸೆಲ್ ಅಗಲ, ಹತ್ತಿರ ಹತ್ತಿರ 4 ಎಂಬಿ. ಆರು ಫೋಟೋ ಇದ್ದರೆ 24 ಎಂಬಿ, 360ರ ಪರದೆಗೆ. ಸ್ಕ್ವೂಶ್‌ನಲ್ಲಿ (ಫೋಟೋ ಕುಗ್ಗಿಸೋ ಸೈಟ್) ಹಾಕಿ ಅಗಲ 1200, ಗುಣಮಟ್ಟ 75, ವೆಬ್‌ಪಿ (ಕಡಿಮೆ ತೂಕದ ಫೋಟೋ ಫಾರ್ಮ್ಯಾಟ್) ಮಾಡಿ ಇಳಿಸಿಕೊಳ್ಳಿ. ಒಂದೊಂದು 300 ಕೆಬಿ ಒಳಗೆ ಬರಬೇಕು. ಕಾಡಿನ ಎಲೆ ತುಂಬಿದ ಫೋಟೋ ಆದ್ದರಿಂದ ಬೇರೆ ಫೋಟೋಗಿಂತ ಸ್ವಲ್ಪ ಭಾರವೇ ಇರ್ತದೆ, ಮೀರಿದರೆ ಗುಣಮಟ್ಟ 65ಕ್ಕೆ ಇಳಿಸಿ. ಸಿಎಸ್‌ಎಸ್‌ನಲ್ಲಿ ಅಗಲ ಕಡಿಮೆ ಮಾಡಿದರೆ ಕಾಣೋದು ಸಣ್ಣದಾಗ್ತದೆ, ಇಳಿಯೋ ಫೈಲ್ ಅಷ್ಟೇ ಇರ್ತದೆ.

ಐಎಂಜಿ ಟ್ಯಾಗಲ್ಲಿ ವಿಡ್ತ್ 1200, ಹೈಟ್ 900 ಬರೀರಿ, ಸಿಎಸ್‌ಎಸ್‌ನಲ್ಲಿ ಮ್ಯಾಕ್ಸ್-ವಿಡ್ತ್ 100%, ಹೈಟ್ ಆಟೋ. ಟ್ಯಾಗಿನ ಅಳತೆಯಿಂದ ಬ್ರೌಸರ್ ಮೊದಲೇ ಜಾಗ ಹಿಡಿದಿಡ್ತದೆ, ಓದುತ್ತಿದ್ದ ಸಾಲು ಜಿಗಿಯೋದಿಲ್ಲ. ಹೈಟ್ ಆಟೋ ಬಿಟ್ಟರೆ ಯಾಣದ ಬಂಡೆ ಇನ್ನೂ ಎತ್ತರ ಬೆಳೀತದೆ! ಮೊದಲ ಫೋಟೋ ಬಿಟ್ಟು ಉಳಿದವಕ್ಕೆ ಲೋಡಿಂಗ್ ಲೇಜಿ, ಓದುವವರು ಹತ್ತಿರ ಬಂದಾಗ ಮಾತ್ರ ಇಳೀತವೆ.

ತೂಗೋದಕ್ಕೆ: ಸ್ಟೈಲ್‌ಶೀಟಿನ ಕೊನೆಗೆ ನಕ್ಷತ್ರ ಸೆಲೆಕ್ಟರಿಗೆ ಔಟ್‌ಲೈನ್ 1 ಪಿಕ್ಸೆಲ್ ಸಾಲಿಡ್ ಕೆಂಪು. ಬಾರ್ಡರ್ ಬೇಡ, ಅದು ಜಾಗ ತಿಂದು ಲೆಕ್ಕ ಕೆಡಿಸ್ತದೆ. ಯಾವ ಕೆಂಪು ಡಬ್ಬಿ ಪರದೆ ದಾಟಿ ಹೋಗಿದೆಯೋ ಅದೇ ಕಳ್ಳ. ಬಾಡಿ ಟ್ಯಾಗಿಗೆ ಓವರ್‌ಫ್ಲೋ ಹಿಡನ್ ಹಾಕಿ ಮುಚ್ಚಬೇಡಿ, ಕಳ್ಳ ಒಳಗೇ ಇರ್ತಾನೆ.

ಶಾಲ್ಮಲಾ05, ಶಿರಸಿ

ಸಿಕ್ಕಿತು. ಮ್ಯಾಪಿನ ಲಿಂಕನ್ನು ಉದ್ದಕ್ಕೆ ಹಾಗೇ ಅಂಟಿಸಿದ್ದೆ, ನಡುವೆ ಜಾಗವೇ ಇಲ್ಲದ ಒಂದೇ ಪದ. "ನಕ್ಷೆ ನೋಡಿ" ಅಂತ ಬರೆದು ಅದಕ್ಕೆ ಲಿಂಕ್ ಕೊಟ್ಟೆ, ನಿಂತಿತು. ಆದರೆ ಗಿಟ್‌ಹಬ್ಬಿಗೆ ಏರಿಸಿದ ಮೇಲೂ ಫೋನಲ್ಲಿ ಕೆಂಪು ಗೆರೆ ಹಾಗೇ ಕಾಣ್ತಿದೆ, ತೆಗೆದಿದ್ದೇನಲ್ಲ?

ಕುಮಟಾ ಅಕ್ಕೋರು

ಗಿಟ್‌ಹಬ್ ಪೇಜಸ್ ಫೈಲನ್ನು 10 ನಿಮಿಷ ಇಟ್ಟುಕೊಳ್ಳೋಕೆ ಬ್ರೌಸರಿಗೆ ಹೇಳಿರ್ತದೆ, ಫೋನು ಹಳೇ ಸ್ಟೈಲ್‌ಶೀಟನ್ನೇ ತೋರಿಸ್ತಿದೆ. ಒಂದು ಚಾ ಕುಡಿದು ಬಂದು ರಿಲೋಡ್ ಮಾಡು. ತಡೆಯೋದಿಲ್ಲ ಅಂದರೆ ಲಿಂಕ್ ಟ್ಯಾಗಲ್ಲಿ ಸಿಎಸ್‌ಎಸ್ ಹೆಸರಿನ ಮುಂದೆ ಪ್ರಶ್ನಾರ್ಥಕ, ವಿ ಈಕ್ವಲ್ 2 ಅಂತ ಸೇರಿಸು, ಹೊಸ ವಿಳಾಸ ಅಂತ ಹೊಸದಾಗಿ ತರಿಸ್ತದೆ. ಐದೂ ಪುಟದಲ್ಲಿ.