ಸಹಾಯ ಬೇಕು: ಇಗ್ವೆಜು ಪುರೋಹಿತನನ್ನು ಏಕವಚನದಲ್ಲಿ ಕರೆಯುವುದು ಎಲ್ಲಿಂದ?

ಎಲ್ಲರಿಗೂ ನಮಸ್ಕಾರ. ನೈಜೀರಿಯಾದ ವೋಲೆ ಸೋಯಿಂಕಾ ಅವರ ‘ದಿ ಸ್ವಾಂಪ್ ಡ್ವೆಲ್ಲರ್ಸ್’ ನಾಟಕವನ್ನು ನಮ್ಮ ಹವ್ಯಾಸಿ ತಂಡಕ್ಕಾಗಿ ಕನ್ನಡಕ್ಕೆ ತರುತ್ತಿದ್ದೇನೆ, ಮತ್ತು ಒಂದೇ ದೃಶ್ಯದಲ್ಲಿ ಮೂರು ವಾರಗಳಿಂದ ಸಿಕ್ಕಿಕೊಂಡಿದ್ದೇನೆ.

ಜೌಗು ನೆಲದ ಹಳ್ಳಿಯಿಂದ ನಗರಕ್ಕೆ ಹೋದ ಇಗ್ವೆಜು, ಅಲ್ಲಿ ಅವಳಿ ಸಹೋದರ ಅವುಚಿಕೆಯಿಂದ ಸಾಲ ಪಡೆದು, ಕಡೆಗೆ ಹೆಂಡತಿಯನ್ನೂ ಅವನಿಗೇ ಕಳೆದುಕೊಂಡು, ಫಸಲನ್ನಾದರೂ ನಂಬಿ ಊರಿಗೆ ಮರಳಿದರೆ ಅದು ನೆರೆಯಲ್ಲಿ ಹಾಳಾಗಿರುತ್ತದೆ. ಅವುಚಿಕೆ ರಂಗದ ಮೇಲೆ ಬರುವುದೇ ಇಲ್ಲ. ಆದರೂ ನಗರದ ನೆರಳೆಲ್ಲ ಅವನದೇ ಎಂದು ನನಗೆ ಅನಿಸುತ್ತದೆ.

ನನ್ನ ತೊಡಕು ಕ್ಷೌರದ ದೃಶ್ಯದ್ದು. ಸರ್ಪದೇವತೆಯ ಪುರೋಹಿತ ಕಾಡಿಯೆ ಕುರ್ಚಿಯಲ್ಲಿ ಕುಳಿತಿದ್ದಾನೆ, ಇಗ್ವೆಜುವಿನ ಕೈಯಲ್ಲಿ ಕತ್ತಿಯಿದೆ, ತಂದೆ ಮಕುರಿ ಗಾಬರಿಯಿಂದ ನೋಡುತ್ತಿದ್ದಾನೆ. ತಾನು ಕೊಟ್ಟ ಕಾಣಿಕೆಗಳ ಲೆಕ್ಕವನ್ನು ಇಗ್ವೆಜು ಒಂದೊಂದಾಗಿ ಕೇಳುತ್ತ, ನೀನೇಕೆ ಇಷ್ಟು ಕೊಬ್ಬಿದ್ದೀಯೆ ಎಂಬಲ್ಲಿಗೆ ಮುಟ್ಟುತ್ತಾನೆ. ಇಂಗ್ಲಿಷಿನಲ್ಲಿ ಸರ್ವನಾಮ ಒಂದೇ ಆದ್ದರಿಂದ ತೊಂದರೆಯಿಲ್ಲ. ಕನ್ನಡದಲ್ಲಿ ಮೊದಲಿನಿಂದಲೂ ‘ನೀನು’ ಎಂದು ಬರೆದು ನೋಡಿದೆ: ಭಯಭಕ್ತಿಯೇ ಉಳಿಯಲಿಲ್ಲ. ಕೊನೆಯವರೆಗೂ ‘ನೀವು’ ಇಟ್ಟೆ: ಪ್ರಶ್ನೆಗಳ ಮೊನೆ ಮೊಂಡಾಯಿತು. ಮಧ್ಯದಲ್ಲಿ ಬದಲಿಸಿದಾಗ, ವಾಚನದ ವೇಳೆ ನಟರು ಅದನ್ನು ಬೆರಳಚ್ಚಿನ ದೋಷವೆಂದು ಭಾವಿಸಿದರು.

ಕುರುಡು ಭಿಕ್ಷುಕನು ಇಗ್ವೆಜುವನ್ನು ಕರೆಯುವ ಮಾತಿಗೆ ‘ಒಡೆಯ’ ಎಂದಿಟ್ಟಿದ್ದೇನೆ, ಅದು ಒಪ್ಪುತ್ತದೆ.

ನಾಟಕಾನುವಾದದ ಅನುಭವವಿರುವವರಲ್ಲಿ ನನ್ನ ಪ್ರಶ್ನೆ: ‘ನೀವು’ ‘ನೀನು’ ಆಗುವುದು ಕಾಣಿಕೆಯ ಮೊದಲ ಪ್ರಶ್ನೆಯಲ್ಲೋ, ಕೊಬ್ಬಿನ ಪ್ರಶ್ನೆಯಲ್ಲೋ? ಆ ಬದಲಾವಣೆ ಉದ್ದೇಶಪೂರ್ವಕವೆಂದು ಪ್ರೇಕ್ಷಕರಿಗೆ ತಿಳಿಯಲು ಅದರ ಹಿಂದಿನ ಮಾತನ್ನು ಹೇಗೆ ಕಟ್ಟಬೇಕು?