‘ಮಮ್ಮಿ’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಮಕ್ಕಳಿಗಾಗಿ ಹಳೆಯ ಈಜಿಪ್ಟಿನ ಬಗ್ಗೆ ಒಂದು ಪುಟ್ಟ ಬರಹ ಬರೆಯುತ್ತಿದ್ದೇನೆ. ಅದರಲ್ಲಿ ಹೀಗೊಂದು ಸಾಲಿತ್ತು: ‘1976ರಲ್ಲಿ ಎರಡನೇ ರಾಮ್ಸೆಸ್‌ನ ಮಮ್ಮಿಯನ್ನು ಚಿಕಿತ್ಸೆಗೆಂದು ವಿಮಾನದಲ್ಲಿ ಪ್ಯಾರಿಸ್‌ಗೆ ಕರೆದೊಯ್ದರು.’ ಮೂರನೇ ಕ್ಲಾಸಿನಲ್ಲಿರುವ ಅಣ್ಣನ ಮಗಳಿಗೆ ಓದಿ ಹೇಳಿದೆ. ‘ಚಿಕ್ಕಪ್ಪ, ಅವರಮ್ಮನಿಗೆ ಏನಾಗಿತ್ತು?’ ಅಂದಳು.

ತಪ್ಪು ಅವಳದಲ್ಲ, ಅಲ್ವಾ? ಮನೆಯಲ್ಲಿ ದಿನಾ ‘ಮಮ್ಮಿ’ ಅಂತ ಕೂಗುವ ಮಗು ಅದು. ಪ್ಯಾರಿಸ್‌ಗೆ ಹೋಗಿದ್ದು ರಾಜನೇ, ಅಂದರೆ ಕೆಡದಂತೆ ಉಳಿಸಿಟ್ಟ ಅವನ ಹೆಣ. ತೀರಿಕೊಂಡು 3,200 ವರ್ಷ ಆಗಿತ್ತು, ಮೈಗೆ ಬೂಷ್ಟು ಹಿಡಿದಿತ್ತು. ಅಲ್ಲಿ ಗಾಮಾ ಕಿರಣ ಹಾಯಿಸಿ ಬೂಷ್ಟು ಕೊಂದು, ಮರುವರ್ಷ ವಾಪಸ್ ಕಳಿಸಿದರು.

‘ಸಂರಕ್ಷಿತ ಶವ’ ಅಂತ ಬರೆದರೆ ಗೊಂದಲ ಇಲ್ಲ ನಿಜ. ಆದರೆ ಅದನ್ನು ಓದಿದರೆ ಪೊಲೀಸರ ಪಂಚನಾಮೆ ನೆನಪಾಗುತ್ತದೆ. ಹಾಗಾಗಿ ‘ಮಮ್ಮಿ’ ಪದ ಎಲ್ಲಿಂದ ಬಂತು ಅಂತ ಸುಮ್ನೆ ಹುಡುಕುತ್ತಾ ಹೋದೆ. ಅಮ್ಮನ ಮಮ್ಮಿಗೂ ಇದಕ್ಕೂ ಸಂಬಂಧವೇ ಇಲ್ಲ. ಫಾರ್ಸಿಯಲ್ಲಿ ‘ಮೂಮ್’ ಅಂದರೆ ಮೇಣ. ನಮ್ಮ ‘ಮೋಂಬತ್ತಿ’ಯಲ್ಲಿರುವ ‘ಮೋಂ’ ಇದೇ! ಕರೆಂಟು ಹೋದಾಗಲೆಲ್ಲ ಈ ಪದದ ಒಂದು ತುಂಡನ್ನು ನಾವೂ ಹಚ್ಚಿಡುತ್ತಿದ್ದೆವು ಅನ್ನಿ. ಆ ‘ಮೂಮ್’ನಿಂದ ‘ಮೂಮಿಯಾ’ ಹುಟ್ಟಿತು. ಅದು ಪರ್ಷಿಯಾದ ಬೆಟ್ಟಗಳಲ್ಲಿ ಒಸರುವ, ಟಾರಿನಂಥ ಕಪ್ಪು ಅಂಟು. ಮೂಳೆ ಮುರಿದರೆ, ಗಾಯವಾದರೆ ಔಷಧಿಯಾಗಿ ಕೊಡುತ್ತಿದ್ದರು. ಈಜಿಪ್ಟಿನ ಹೆಣಗಳ ಮೇಲೆ ಬಳಿದ ರಾಳವೂ ಕಾಲ ಕಳೆದಂತೆ ಕಪ್ಪಾಗಿ ಹಾಗೇ ಕಾಣುತ್ತಿತ್ತು. ಜನ ಅದನ್ನೂ ಮೂಮಿಯಾ ಅಂದರು. ಆಮೇಲೆ ಹೆಣಕ್ಕೇ ಆ ಹೆಸರು ಅಂಟಿಕೊಂಡಿತು. ಯುರೋಪಿನ ಔಷಧದಂಗಡಿಗಳಲ್ಲಂತೂ ನೂರಾರು ವರ್ಷ ಹೆಣವನ್ನೇ ಪುಡಿ ಮಾಡಿ ಮಾರಿದರು. ಅದೇ ಪುಡಿಯಿಂದ ಚಿತ್ರಗಾರರಿಗೆ ಕಂದು ಬಣ್ಣ ಕೂಡ ಮಾಡಿದರು. ಅಂದರೆ ನಾವು ರಾಜರಾಣಿಯರನ್ನು ಕರೆಯುತ್ತಿರುವುದು ಅಂಗಡಿ ಸರಕಿನ ಹೆಸರಿನಿಂದ.

ಈಜಿಪ್ಟಿನವರೇ ಇಟ್ಟ ಹೆಸರು ‘ಸಾಹ್’. ಅದೇ ಪದಕ್ಕೆ ಘನತೆ, ದೊಡ್ಡಸ್ತಿಕೆ ಅನ್ನುವ ಅರ್ಥವೂ ಇದೆ. ಹೆಣ ಅನ್ನುವ ಭಾವನೆಯೇ ಅಲ್ಲಿಲ್ಲ. ಎಲ್ಲ ವಿಧಿ ಮುಗಿಸಿಕೊಂಡು ಗೌರವಕ್ಕೆ ಪಾತ್ರವಾದ ಮೈ ಅದು.

ಗ್ರೀಕರ ಪದ ಇನ್ನೂ ಮಜವಾಗಿದೆ. ಕ್ರಿ.ಪೂ. 5ನೇ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್, ಹೆಣ ಕೆಡದಂತೆ ಮಾಡುವ ಈ ಕೆಲಸವನ್ನು ವಿವರವಾಗಿ ಬರೆದಿದ್ದಾನೆ. ಕಬ್ಬಿಣದ ಕೊಕ್ಕೆಯಿಂದ ಮೂಗಿನ ಮೂಲಕ ಮಿದುಳು ತೆಗೆಯುವುದು, ಹರಿತವಾದ ಕಲ್ಲಿನಿಂದ ಪಕ್ಕೆ ಸೀಳುವುದು, ಎಪ್ಪತ್ತು ದಿನದ ಲೆಕ್ಕ, ಎಲ್ಲ ಇದೆ. ಇದಕ್ಕೆ ಅವನು ಬಳಸಿದ ಕ್ರಿಯಾಪದ, ಗ್ರೀಕರು ಮೀನಿಗೆ ಉಪ್ಪು ಹಾಕಿ ಇಡುವುದಕ್ಕೆ ಬಳಸುತ್ತಿದ್ದ ಪದವೇ! ನಮ್ಮ ಕರಾವಳಿಯವರಿಗೆ ಇದು ಬೇಗ ಹೊಳೆಯುತ್ತದೆ. ಒಣಮೀನು ಮಾಡಲು ಹೊಟ್ಟೆ ಸೀಳಿ, ಒಳಗಿನದ್ದು ತೆಗೆದು, ಉಪ್ಪು ತುಂಬುವುದಿಲ್ಲವೇ? ಅಲ್ಲಿಯೂ ಅಷ್ಟೇ. ಕರುಳು, ಜಠರ, ಪಿತ್ತಜನಕಾಂಗ, ಶ್ವಾಸಕೋಶ ತೆಗೆದು ಬೇರೆ ಇಡುತ್ತಿದ್ದರು. ಹೃದಯ ಮಾತ್ರ ಸಾಮಾನ್ಯವಾಗಿ ಅಲ್ಲೇ ಬಿಡುತ್ತಿದ್ದರು, ಸತ್ತ ಮೇಲೆ ನ್ಯಾಯದ ತಕ್ಕಡಿಯಲ್ಲಿ ತೂಗಲು ಅದು ಬೇಕು. ಆಮೇಲೆ ಸುಮಾರು ನಲವತ್ತು ದಿನ ‘ನೇಟ್ರನ್’ನಲ್ಲಿ ಮುಚ್ಚಿಡುತ್ತಿದ್ದರು. ನೀರಿನಲ್ಲಿ ಕರಗಿಸಿ ಅಲ್ಲ, ಒಣಪುಡಿಯ ರಾಶಿಯಲ್ಲಿ.

ಈ ನೇಟ್ರನ್ ಏನು? ಕೈರೋದ ವಾಯುವ್ಯಕ್ಕಿರುವ ವಾದಿ ನಟ್ರೂನ್ ಅನ್ನುವ ತಗ್ಗಿನ ಕೆರೆಗಳು ಬತ್ತಿದಾಗ ದಡದಲ್ಲಿ ಉಳಿಯುವ ಬಿಳಿ ಪೊರೆ. ಬಟ್ಟೆ ಸೋಡ, ಅಡುಗೆ ಸೋಡ, ಉಪ್ಪು ಎಲ್ಲ ಅದರಲ್ಲಿ ಬೆರೆತಿರುತ್ತದೆ. ಸೋಡಿಯಂನ ‘ಎನ್‌ಎ’ ಗುರುತು ಬಂದಿದ್ದೂ ಇದೇ ಹೆಸರಿನಿಂದ. ನನ್ನ ಊಹೆ ಕೇಳಿ: ಇದಕ್ಕೆ ಕನ್ನಡದಲ್ಲಿ ‘ಚೌಳು’ ಅನ್ನಬಹುದಲ್ಲವೇ? ಸೋಪು ಬರುವ ಮುಂಚೆ ಮಡಿವಾಳರು ಬಟ್ಟೆ ಒಗೆಯಲು ತರುತ್ತಿದ್ದ ಚೌಳು ಮಣ್ಣು ಇದರ ಹತ್ತಿರದ ನೆಂಟನೇ. ಒಂದೇ ವಸ್ತು ಅಂತ ನಾನು ಹೇಳುತ್ತಿಲ್ಲ, ಚೌಳಿನಲ್ಲಿ ಮಣ್ಣೇ ಜಾಸ್ತಿ. ಆದರೆ ‘ಚೌಳುಪ್ಪು’ ಅಂದರೆ ಮಗುವಿಗೂ ಏನೋ ಒಂದು ಕಣ್ಣಿಗೆ ಕಟ್ಟುತ್ತದೆ, ‘ನೇಟ್ರನ್’ ಅಂದರೆ ಏನೂ ಇಲ್ಲ.

ಇನ್ನು ಕ್ರಿಯಾಪದ. ‘ಮಮ್ಮೀಕರಣ’ ಅನ್ನುವುದನ್ನು ಬರೆಯಲು ನನ್ನ ಕೈ ಬರುವುದಿಲ್ಲ. ‘ಹದ ಮಾಡು’ ನನಗೆ ಹಿಡಿಸಿದೆ. ಚರ್ಮ ಹದ ಮಾಡುತ್ತೇವೆ, ಮಣ್ಣು ಹದ ಮಾಡುತ್ತೇವೆ. ಕೆಡುವ ವಸ್ತುವನ್ನು ಕೈಕೆಲಸದಿಂದ ಬಾಳುವಂತೆ ಮಾಡುವ ಅರ್ಥ ಅದರಲ್ಲಿ ಆಗಲೇ ಇದೆ. ‘ಹದಮೈ’ ಅಂದರೆ? ‘ರಾಮ್ಸೆಸ್‌ನ ಹದಮೈಯನ್ನು ಪ್ಯಾರಿಸ್‌ಗೆ ಒಯ್ದರು.’ ಕಿವಿಗೆ ಹೊಸದು, ಆದರೆ ಅಮ್ಮ ಬರುವುದಿಲ್ಲ. ಅಣ್ಣನ ಮಗಳಿಗೆ ಉಪ್ಪಿನ ಕತೆಯೆಲ್ಲ ಹೇಳಿದ ಮೇಲೆ ಅವಳೇ ಒಂದು ಪದ ಕೊಟ್ಟಳು: ‘ಉಪ್ಪಿನ ಕಾಯ’. ಹೆರೊಡೋಟಸ್ ಒಪ್ಪುತ್ತಿದ್ದ, ಸಂಪಾದಕರು ಒಪ್ಪಲಾರರು.

ನಿಮ್ಮನ್ನು ಕೇಳಬೇಕಿರುವುದು ಎರಡು. ‘ಹದಮೈ’ ಓದಿದಾಗ ‘ಹದವಾದ ಮೈಕಟ್ಟು’ ಅಂತ ಅನ್ನಿಸುತ್ತದೆಯೇ? ನನಗೆ ಆ ಅನುಮಾನ ಇದೆ. ಎರಡನೆಯದು, ನಿಮ್ಮ ಕಡೆ ಚೌಳಿಗೆ ಏನನ್ನುತ್ತಾರೆ? ಸವಳು, ಸೌಳು ಕೇಳಿದ್ದೇನೆ. ಬಟ್ಟೆಗೆ ಹಾಕುವ ಬಿಳಿಪುಡಿಗೂ ಉಪ್ಪುನೆಲಕ್ಕೂ ಬೇರೆ ಬೇರೆ ಪದ ಇದ್ದರೆ ದಯವಿಟ್ಟು ಊರಿನ ಹೆಸರು ಸಮೇತ ಬರೆಯಿರಿ.